ವಿಕಿಪೀಡಿಯದ ಜೀವವಿಜ್ಞಾನ ಲೇಖನವನ್ನು ಪರೀಕ್ಷಿಸುವುದು ಹೇಗೆ? ಕಾಳಿಂಗ ಸರ್ಪದ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ವಿಕಿಪೀಡಿಯದಲ್ಲಿ ಒಂದು ಪ್ರಾಣಿಯ ಬಗ್ಗೆ ಓದುತ್ತಿದ್ದೀರಿ. ಹೆಚ್ಚುಕಡಿಮೆ ಪ್ರತಿ ವಾಕ್ಯದ ಕೊನೆಗೂ ಒಂದು ಪುಟ್ಟ ನೀಲಿ ಅಂಕಿ. ಕೆಳಗೆ ಉದ್ದನೆಯ ಉಲ್ಲೇಖಗಳ ಪಟ್ಟಿ. ಇಷ್ಟೆಲ್ಲ ಇದ್ದ ಮೇಲೆ ಬರೆದದ್ದು ಸರಿಯೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ಅಂಕಿ ಹೇಳುವುದು ಇಷ್ಟೇ: ಈ ಮಾತಿಗೆ ಅಲ್ಲಿ ಆಧಾರವಿದೆ ಎಂದು ಯಾರೋ ಒಬ್ಬರು ಬರೆದಿದ್ದಾರೆ. ಅಲ್ಲಿ ನಿಜವಾಗಿ ಏನಿದೆ ಎಂದು ತೆರೆದು ನೋಡುವವರು ಕಡಿಮೆ. ಈ ಮಾರ್ಗದರ್ಶಿ ಹಾಗೆ ತೆರೆದು ನೋಡಬೇಕು ಅನ್ನುವವರಿಗೆ. ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು, ಪಾಠಕ್ಕೆ ತಯಾರಾಗುವ ಶಿಕ್ಷಕರು, ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬರೆಯಲು ಹೊರಟವರು, ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಉದಾಹರಣೆಗೆ ಕಾಳಿಂಗ ಸರ್ಪವನ್ನು ಆರಿಸಿಕೊಂಡಿದ್ದೇನೆ. ನಮ್ಮ ಮಲೆನಾಡಿನ ಹಾವು ಅನ್ನುವುದು ಒಂದು ಕಾರಣ. 2024ರಲ್ಲಿ ಇದರ ವರ್ಗೀಕರಣವೇ ಬದಲಾಯಿತು ಅನ್ನುವುದು ಇನ್ನೂ ದೊಡ್ಡ ಕಾರಣ. ಒಂದು ಲೇಖನದ ಆಧಾರಗಳು ಎಲ್ಲೆಲ್ಲಿ ಸಡಿಲವಾಗುತ್ತವೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಹಾವು ಸಿಗಲಾರದು. ಕನ್ನಡದ ಲೇಖನವೋ ಇಂಗ್ಲಿಷಿನದೋ, ಯಾವುದಾದರೂ ಒಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಮುಂದೆ ಓದಿ.

ಹಂತ 1: ಲೇಖನ ಓದುವ ಮೊದಲು ನಿಮ್ಮ ಪಟ್ಟಿ ಬರೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಲೇಖನವನ್ನು ಒಮ್ಮೆ ಓದಿಬಿಟ್ಟರೆ ಅದರಲ್ಲಿ ಇರುವುದಷ್ಟೇ ವಿಷಯ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಇಲ್ಲದಿರುವುದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಮೊದಲು ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಈ ಜೀವಿಯ ಬಗ್ಗೆ ಒಂದು ಪೂರ್ತಿ ಲೇಖನದಲ್ಲಿ ಏನೇನಿರಬೇಕು ಎಂದು ಬರೆಯಿರಿ.

ಯಾವುದೇ ಪ್ರಾಣಿಗೆ ಹೊಂದುವ ಪ್ರಶ್ನೆಗಳು ಮೊದಲು. ಹೆಸರು ಯಾವುದು, ಇಟ್ಟವರು ಯಾರು, ಹತ್ತಿರದ ಸಂಬಂಧಿಗಳು ಯಾವುವು? ನೋಡಲು ಹೇಗಿರುತ್ತದೆ, ಮರಿ ಮತ್ತು ದೊಡ್ಡದರ ನಡುವೆ ಏನು ವ್ಯತ್ಯಾಸ, ಯಾವುದರೊಂದಿಗೆ ಗೊಂದಲವಾಗುತ್ತದೆ? ಎಲ್ಲಿ ಸಿಗುತ್ತದೆ, ಎಂಥ ಜಾಗದಲ್ಲಿ? ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ? ಸಂತಾನ ಹೇಗೆ? ಸಂಖ್ಯೆ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ, ಕಾನೂನು ಏನು ಹೇಳುತ್ತದೆ? ಮನುಷ್ಯರ ಜೊತೆ ಅದರ ಸಂಬಂಧವೇನು?

ಆಮೇಲೆ ಈ ಜೀವಿಗೇ ವಿಶೇಷವಾದ ಪ್ರಶ್ನೆಗಳು. ಕಾಳಿಂಗದ ಹೆಣ್ಣು ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟುತ್ತದೆ, ಮೊಟ್ಟೆ ಕಾಯುತ್ತದೆ. ಮುಖ್ಯ ಆಹಾರ ಬೇರೆ ಹಾವುಗಳು. ಬೆದೆಯ ಕಾಲದಲ್ಲಿ ಗಂಡುಗಳು ಒಂದನ್ನೊಂದು ನೆಲಕ್ಕೆ ಒತ್ತಿ ಕುಸ್ತಿ ಮಾಡುತ್ತವೆ. ಹೆಸರಿನಲ್ಲಿ ಕೋಬ್ರಾ ಅಂತ ಇದ್ದರೂ ನಾಗರಹಾವಿನ ಕುಲವಾದ (ಕುಲ ಎಂದರೆ ಹತ್ತಿರದ ಪ್ರಭೇದಗಳ ಗುಂಪು) ನಾಜಾಕ್ಕೆ ಇದು ಸೇರುವುದಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಲೇಖನದಲ್ಲಿ ಇಲ್ಲದಿದ್ದರೆ ಅದು ಅಪೂರ್ಣ. ಎಷ್ಟು ಉದ್ದವಾಗಿದ್ದರೂ ಅಪೂರ್ಣವೇ.

ಜೀವಿಯ ಪರಿಚಯವೇ ಇಲ್ಲದಿದ್ದರೆ? ಅದೇ ಗುಂಪಿನ ಬೇರೊಂದು ಪ್ರಾಣಿಯ ಒಳ್ಳೆಯ ಲೇಖನವನ್ನು ಮಾದರಿಯಾಗಿ ನೋಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಂಪಾದಕರು ಪರಿಶೀಲಿಸಿ ಮೆಚ್ಚಿದ ಲೇಖನಗಳ ತಲೆಯಲ್ಲಿ ಕಂಚಿನ ಬಣ್ಣದ ನಕ್ಷತ್ರ ಇರುತ್ತದೆ. ಅದರ ಉಪಶೀರ್ಷಿಕೆಗಳನ್ನು ಗಮನಿಸಿದರೆ ಸಾಕು.

ಹಂತ 2: ಯಾವ ಆವೃತ್ತಿ ಎಂದು ಗುರುತು ಮಾಡಿಕೊಳ್ಳಿ

ವಿಕಿಪೀಡಿಯದ ಪುಟ ನಾಳೆ ಹೀಗೇ ಇರುತ್ತದೆ ಎಂದು ಹೇಳಲಾಗದು. ಬದಿಯ ಪರಿಕರಗಳಲ್ಲಿ ಈ ಆವೃತ್ತಿಗೆ ಮಾತ್ರ ಹೋಗುವ ಶಾಶ್ವತ ಕೊಂಡಿ ಸಿಗುತ್ತದೆ. ಅದನ್ನೂ ತಾರೀಕನ್ನೂ ಬರೆದಿಟ್ಟುಕೊಳ್ಳಿ.

ನಂತರ ಪುಟದ ಇತಿಹಾಸ ತೆರೆಯಿರಿ. ಕೊನೆಯ ದೊಡ್ಡ ಬದಲಾವಣೆ ಯಾವಾಗ ಆಯಿತು? ಒಂದೇ ದಿನ ಒಬ್ಬರೇ ಇಡೀ ಲೇಖನ ತಂದು ಹಾಕಿದ್ದಾರೆಯೇ? ಹಾಗಿದ್ದರೆ ಅದು ಬಹುಶಃ ಅನುವಾದ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ. ಚರ್ಚೆ ಪುಟವನ್ನೂ ಒಮ್ಮೆ ನೋಡಿ. ಅಲ್ಲಿ ಯಾರಾದರೂ ಎತ್ತಿದ ಆಕ್ಷೇಪ ಇನ್ನೂ ಉತ್ತರವಿಲ್ಲದೆ ಕೂತಿದ್ದರೆ, ಪರೀಕ್ಷೆ ಅಲ್ಲಿಂದಲೇ ಶುರು ಮಾಡಬಹುದು.

ಹಂತ 3: ಪರೀಕ್ಷೆಗೆ ತಕ್ಕ ವಾಕ್ಯಗಳನ್ನು ಹೆಕ್ಕಿ

ಎಲ್ಲ ವಾಕ್ಯಗಳನ್ನೂ ಪರೀಕ್ಷಿಸಲು ಹೋದರೆ ಮುಗಿಯುವುದಿಲ್ಲ. ನಾನು ಹೆಕ್ಕುವುದು ಐದು ಬಗೆಯವನ್ನು: ಅಂಕಿ ಇರುವುದು, ಇಸವಿ ಇರುವುದು, "ಏಕೈಕ", "ಅತಿ ಉದ್ದದ", "ಅತಿ ವಿಷಕಾರಿ" ಎಂದೆಲ್ಲ ಹೇಳುವುದು, ಆರೋಗ್ಯಕ್ಕೆ ಸಂಬಂಧಿಸಿದ್ದು, ಮತ್ತು ವೈಜ್ಞಾನಿಕ ಹೆಸರಿಗೆ ಸಂಬಂಧಿಸಿದ್ದು. ತಪ್ಪುಗಳು ಹೆಚ್ಚಾಗಿ ಇವುಗಳಲ್ಲೇ ಅಡಗಿರುತ್ತವೆ.

ಒಂದೊಂದರ ಮುಂದೆಯೂ ಆಧಾರ ಇದೆಯೇ ಇಲ್ಲವೇ ಎಂದು ಗುರುತು ಹಾಕಿ. ಲೇಖನದ ಮೊದಲ ಪ್ಯಾರಾದಲ್ಲಿ ಉಲ್ಲೇಖ ಇಲ್ಲದಿದ್ದರೆ ತಕ್ಷಣ ತಪ್ಪು ಅನ್ನಬೇಡಿ. ಅದು ಕೆಳಗಿನದರ ಸಾರಾಂಶ. ಅದೇ ಮಾತಿಗೆ ಕೆಳಗೆ ಆಧಾರ ಕೊಟ್ಟಿದ್ದರೆ ಸಾಕು. ಇನ್ನೊಂದು ವಿಷಯ: ಪ್ಯಾರಾದ ಕೊನೆಯಲ್ಲಿ ಒಂದೇ ಒಂದು ಅಂಕಿ ಇದ್ದರೆ, ಅದು ಇಡೀ ಪ್ಯಾರಾಕ್ಕೋ ಕೊನೆಯ ವಾಕ್ಯಕ್ಕೋ ಗೊತ್ತಾಗುವುದಿಲ್ಲ. ಮೂಲ ತೆರೆದರೆ ಮಾತ್ರ ತಿಳಿಯುತ್ತದೆ.

ಉಲ್ಲೇಖಗಳನ್ನು ಸುಮ್ನೆ ಎಣಿಸುವುದರಿಂದ ಏನೂ ಸಿಗುವುದಿಲ್ಲ. ಒಂದೇ ಸುದ್ದಿಯನ್ನು ನಾಲ್ಕು ಪತ್ರಿಕೆಗಳು ಬರೆದಿದ್ದರೆ ಅದು ನಾಲ್ಕು ಆಧಾರವಲ್ಲ, ಒಂದೇ.

ಹಂತ 4: ಮೂಲವನ್ನು ತೆರೆಯಿರಿ, ಓದಿ, ವಾಕ್ಯದ ಪಕ್ಕದಲ್ಲಿಟ್ಟು ನೋಡಿ

ಇಲ್ಲಿ ಸಮಯ ಹಿಡಿಯುತ್ತದೆ. ಹಿಡಿಯಲಿ. ಒಂದೊಂದು ಮೂಲಕ್ಕೂ ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಈ ಮೂಲ ನಿಜಕ್ಕೂ ಇದೆಯೇ? ಇತ್ತೀಚೆಗೆ ಇದನ್ನು ಕೇಳಲೇಬೇಕಾಗಿದೆ. ಎಐ ಸಾಧನಗಳಿಂದ ಬರೆಸಿದ ಬರಹಗಳಲ್ಲಿ ಲೇಖಕರ ಹೆಸರು, ಪತ್ರಿಕೆ, ಇಸವಿ ಎಲ್ಲ ಸರಿಯಾಗಿ ಕಾಣುವ, ಆದರೆ ಎಲ್ಲೂ ಪ್ರಕಟವಾಗದ ಪ್ರಬಂಧಗಳು ಬಂದುಬಿಡುತ್ತವೆ. ಸಂಶೋಧನಾ ಪ್ರಬಂಧಕ್ಕೆ ಡಿಒಐ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಒತ್ತಿದಾಗ ಅದೇ ಪ್ರಬಂಧ ತೆರೆಯಬೇಕು. ಬೇರೆ ಏನೋ ತೆರೆದರೆ, ಅಥವಾ ಏನೂ ತೆರೆಯದಿದ್ದರೆ, ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಕೊಂಡಿ ಸತ್ತುಹೋದ ವೆಬ್ ಪುಟವಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪ್ರತಿ ಸಿಗಬಹುದು. 19ನೇ ಶತಮಾನದ ಪ್ರಾಣಿಶಾಸ್ತ್ರದ ಪುಸ್ತಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿಯೇ ಇವೆ. ದುಡ್ಡು ಕೇಳುವ ಪ್ರಬಂಧವಾದರೆ ಸ್ಕಾಲರ್‌ನಲ್ಲಿ "ಎಲ್ಲ ಆವೃತ್ತಿಗಳು" ಎಂಬಲ್ಲಿ ನೋಡಿ. ಲೇಖಕರೇ ತಮ್ಮ ಪುಟದಲ್ಲಿ ಹಾಕಿರುವುದುಂಟು. ಸಿಗದಿದ್ದರೆ ಲೇಖಕರಿಗೆ ಮೇಲ್ ಬರೆದು ಕೇಳಬಹುದು, ಅದರಲ್ಲಿ ಸಂಕೋಚ ಬೇಡ.

ಎರಡನೆಯದು, ಮೂಲ ಹೇಳುವುದೂ ಲೇಖನ ಹೇಳುವುದೂ ಒಂದೇಯೇ? ಬರೀ ಸಾರಾಂಶ ಓದಿ ತೃಪ್ತಿಪಡಬೇಡಿ. "ಸೆರೆಯಲ್ಲಿಟ್ಟ ಹಾವುಗಳಲ್ಲಿ ಹೀಗೆ ಕಂಡಿತು" ಎಂದು ಪ್ರಬಂಧದಲ್ಲಿ ಇರುವುದು ಲೇಖನಕ್ಕೆ ಬರುವಷ್ಟರಲ್ಲಿ "ಕಾಳಿಂಗ ಹೀಗೆ ಮಾಡುತ್ತದೆ" ಎಂದಾಗಿರುತ್ತದೆ. "ನಮಗೆ ತಿಳಿದಂತೆ ಬೇರೆ ಯಾವ ಹಾವಿನಲ್ಲೂ ದಾಖಲಾಗಿಲ್ಲ" ಎಂಬುದು "ಏಕೈಕ ಹಾವು" ಎಂದಾಗಿರುತ್ತದೆ. ಅತಿ ಹೆಚ್ಚಿನ ಅಳತೆಯನ್ನೇ ಸಾಮಾನ್ಯ ಅಳತೆ ಎಂದು ಬರೆಯುವುದಂತೂ ಎಲ್ಲ ಕಡೆ ಕಾಣುತ್ತದೆ. ಇವು ಸುಳ್ಳುಗಳಲ್ಲ. ಜಾರುತ್ತಾ ಬಂದ ಮಾತುಗಳು. ಅದಕ್ಕೇ ಹಿಡಿಯುವುದು ಕಷ್ಟ.

ಮೂರನೆಯದು, ಈ ಮಾತಿಗೆ ಈ ಮೂಲ ತಕ್ಕದ್ದೇ? ಮೂಲಗಳನ್ನು ಮೇಲು ಕೀಳು ಎಂದು ಒಂದೇ ಸಾಲಿನಲ್ಲಿ ನಿಲ್ಲಿಸುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಪ್ರಶ್ನೆಗೆ ತಕ್ಕ ಮೂಲ ಬೇಕು. ಹೆಸರಿಗೆ ವರ್ಗೀಕರಣದ ಪ್ರಬಂಧ ಅಥವಾ ಸರೀಸೃಪಗಳ ಹೆಸರುಗಳನ್ನು ಪಟ್ಟಿ ಮಾಡುವ ರೆಪ್ಟೈಲ್ ಡೇಟಾಬೇಸ್ ಜಾಲತಾಣ. ನಡವಳಿಕೆಗೆ ಕಾಡಿನಲ್ಲಿ ನಡೆದ ಅಧ್ಯಯನ. ಆಗುಂಬೆಯಲ್ಲಿ 2005ರಲ್ಲಿ ಹಾವುಗಳ ತಜ್ಞ ರಾಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. ಅಲ್ಲಿ 2008ರಿಂದ ಕಾಳಿಂಗಗಳ ಒಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಓಡಾಟ ಹಿಂಬಾಲಿಸಿದರು. ಅಂಥ ಕೆಲಸದ ಮುಂದೆ ಪ್ರವಾಸಿ ವೆಬ್‌ಸೈಟಿನ ಒಂದು ಸಾಲಿಗೆ ತೂಕವಿಲ್ಲ. ಆದರೆ ತೋಟಕ್ಕೆ ಬಂದ ಕಾಳಿಂಗವನ್ನು ಮಲೆನಾಡಿನವರು ಹೇಗೆ ನೋಡುತ್ತಾರೆ, ಯಾರನ್ನು ಕರೆಯುತ್ತಾರೆ ಅನ್ನುವುದಕ್ಕೆ ಒಳ್ಳೆಯ ಕನ್ನಡ ಪತ್ರಿಕೆಯ ವರದಿಯೇ ಉತ್ತಮ ಮೂಲವಾಗಬಹುದು.

ಮೂಲ ವಿಕಿಪೀಡಿಯದಿಂದಲೇ ಎತ್ತಿಕೊಂಡಿದ್ದೇ ಎಂದೂ ನೋಡಬೇಕು. ಲೇಖನಕ್ಕೆ ಒಂದು ತಪ್ಪು ಸೇರುತ್ತದೆ. ಅದನ್ನು ನೋಡಿ ಒಂದು ಪತ್ರಿಕೆ ಬರೆಯುತ್ತದೆ. ಆಮೇಲೆ ಯಾರೋ ಆ ಪತ್ರಿಕೆಯನ್ನೇ ಲೇಖನಕ್ಕೆ ಆಧಾರ ಎಂದು ಕೊಡುತ್ತಾರೆ. ಹಿಡಿಯುವ ದಾರಿ ಸುಲಭ: ಇತಿಹಾಸದಲ್ಲಿ ಆ ವಾಕ್ಯ ಯಾವಾಗ ಸೇರಿತು ನೋಡಿ, ಮೂಲದ ತಾರೀಕು ನೋಡಿ. ಮೂಲವೇ ಆಮೇಲಿನದ್ದಾದರೆ ಅನುಮಾನಿಸಿ.

ಹಂತ 5: ಹೆಸರು ಬದಲಾದಾಗ ಹಳೆಯ ಆಧಾರ ಯಾರಿಗೆ ಸೇರುತ್ತದೆ?

ಜೀವವಿಜ್ಞಾನದ ಲೇಖನಗಳಲ್ಲಿ ಮಾತ್ರ ಬರುವ ತೊಡಕು ಇದು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

1836ರಲ್ಲಿ ಥಿಯೋಡೋರ್ ಕ್ಯಾಂಟರ್ ಈ ಹಾವಿಗೆ ಹಮಾಡ್ರಯಾಸ್ ಹನ್ನಾ ಎಂಬ ಹೆಸರಿಟ್ಟರು. ಆಮೇಲೆ ಅದು ಓಫಿಯೋಫೇಗಸ್ ಕುಲಕ್ಕೆ ಸೇರಿತು. ತುಂಬಾ ಕಾಲ ಭಾರತದಿಂದ ಫಿಲಿಪ್ಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳನ್ನೂ ಓಫಿಯೋಫೇಗಸ್ ಹನ್ನಾ ಎಂಬ ಒಂದೇ ಪ್ರಭೇದ ಎಂದು ಎಣಿಸಿದ್ದರು. 2021ರಲ್ಲಿ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ಡಿಎನ್ಎ ಮತ್ತು ದೇಹರಚನೆ ಹೋಲಿಸಿ, ಇದರೊಳಗೆ ನಾಲ್ಕು ಪ್ರತ್ಯೇಕ ವಂಶಗಳಿವೆ ಎಂದು ತೋರಿಸಿದರು. 2024ರಲ್ಲಿ ಇಂದ್ರನೀಲ್ ದಾಸ್, ಗೌರಿ ಶಂಕರ್ ಮತ್ತು ಇತರರು ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿಯಲ್ಲಿ ಆ ನಾಲ್ಕಕ್ಕೂ ಹೆಸರು ಕೊಟ್ಟರು. ಉತ್ತರ ಮತ್ತು ಪೂರ್ವ ಭಾರತದಿಂದ ಥಾಯ್ಲೆಂಡ್, ದಕ್ಷಿಣ ಚೀನಾದ ಕಡೆಗಿನದ್ದು ಹನ್ನಾ ಆಗಿಯೇ ಉಳಿಯಿತು. ಮಲಯ ಪರ್ಯಾಯ ದ್ವೀಪ ಮತ್ತು ಇಂಡೋನೇಷ್ಯಾ ಕಡೆಯದಕ್ಕೆ ಬಂಗಾರಸ್ ಎಂಬ ಹಳೆಯ ಹೆಸರು ಮರಳಿ ಬಂತು. ಫಿಲಿಪ್ಪೀನ್ಸ್‌ನ ಲುಜಾನಿನದು ಸಾಲ್ವತಾನ ಆಯಿತು. ನಮ್ಮ ಪಶ್ಚಿಮ ಘಟ್ಟದ್ದು ಓಫಿಯೋಫೇಗಸ್ ಕಾಳಿಂಗ.

ಈಗ ಲೇಖನಕ್ಕೆ ಬನ್ನಿ. ಯಾರೋ ಉತ್ಸಾಹದಿಂದ ಮೇಲ್ಗಡೆ ವೈಜ್ಞಾನಿಕ ಹೆಸರನ್ನು ಓಫಿಯೋಫೇಗಸ್ ಕಾಳಿಂಗ ಎಂದು ಬದಲಿಸಿದ್ದಾರೆ ಅಂದುಕೊಳ್ಳಿ. ಕೆಳಗಿನ ಮಾಹಿತಿ ಹಾಗೇ ಇದೆ. ಉಲ್ಲೇಖಗಳೆಲ್ಲ ಅಸಲಿ, ಕೊಂಡಿಗಳೆಲ್ಲ ತೆರೆಯುತ್ತವೆ, ವಾಕ್ಯಗಳೂ ಮೂಲಕ್ಕೆ ಸರಿಯಾಗಿ ಹೊಂದುತ್ತವೆ. ಆದರೂ ಲೇಖನ ತಪ್ಪಿರಬಹುದು!

ಉದ್ದದ ದಾಖಲೆಯನ್ನೇ ನೋಡಿ. ಹೆಚ್ಚಿನ ಕಡೆ ಉಲ್ಲೇಖವಾಗುವುದು 5.71 ಮೀಟರಿನ ಒಂದು ಹಾವು. ಅದು 1937ರಲ್ಲಿ ಮಲಯದ ಪೋರ್ಟ್ ಡಿಕ್ಸನ್ ಹತ್ತಿರ ಸಿಕ್ಕಿ ಲಂಡನ್ ಮೃಗಾಲಯ ಸೇರಿದ್ದು. ಹೊಸ ವರ್ಗೀಕರಣದ ಪ್ರಕಾರ ಆ ಜಾಗದ ಹಾವು ಬಂಗಾರಸ್. ಅದೇ ಅಂಕಿಯನ್ನು ಆಗುಂಬೆಯ ಹಾವಿನ ಲೇಖನದಲ್ಲಿ ಹಾಕಿದರೆ ಆಧಾರ ಸರಿ, ಹಾವು ಬೇರೆ. ತಿರುಗಿಸಿಯೂ ನೋಡಬಹುದು. ಆಗುಂಬೆಯ ರೇಡಿಯೋ ಅಧ್ಯಯನದ ಹಳೆಯ ಬರಹಗಳಲ್ಲಿ ಹನ್ನಾ ಎಂದೇ ಇರುತ್ತದೆ. ಆದರೆ ಆ ಮಾಹಿತಿ ಸೇರಬೇಕಾದದ್ದು ಓಫಿಯೋಫೇಗಸ್ ಕಾಳಿಂಗದ ಲೇಖನಕ್ಕೆ.

ಸಂರಕ್ಷಣೆಯ ಸ್ಥಿತಿಯಲ್ಲೂ ಹೀಗೇ. ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಕಾಳಿಂಗ ಸರ್ಪಕ್ಕೆ ವಲ್ನರಬಲ್, ಅಂದರೆ ಅಪಾಯದ ಅಂಚಿನಲ್ಲಿದೆ ಎಂಬ ದರ್ಜೆ ಸಿಕ್ಕಿದ್ದು ನಾಲ್ಕೂ ಒಂದೇ ಎಂದುಕೊಂಡಿದ್ದಾಗ. ಏಷ್ಯಾದ ಅಷ್ಟು ದೇಶಗಳಿಗೆ ಹರಡಿದ ಹಾವಿಗೆ ಕೊಟ್ಟ ದರ್ಜೆಯನ್ನು ಘಟ್ಟಕ್ಕಷ್ಟೇ ಸೀಮಿತವಾದ ಹಾವಿಗೆ ಹಾಗೇ ಅಂಟಿಸಲಾಗದು. ಕೆಂಪು ಪಟ್ಟಿಯ ಪುಟದಲ್ಲಿ ಯಾವ ಹೆಸರಿಗೆ, ಯಾವ ವರ್ಷ ಮೌಲ್ಯಮಾಪನ ಆಗಿದೆ ಎಂದು ಓದಿ, ಲೇಖನ ಅದನ್ನು ಸ್ಪಷ್ಟವಾಗಿ ಹೇಳುತ್ತದೆಯೇ ನೋಡಿ.

ಹಾಗಾಗಿ ಪ್ರತಿ ಮೂಲಕ್ಕೂ ಈ ಪ್ರಶ್ನೆ ಸೇರಿಸಿಕೊಳ್ಳಿ: ಇವರು ನೋಡಿದ ಪ್ರಾಣಿ ಎಲ್ಲಿಯದು? ಹೆಸರಿಗಿಂತ ಊರು ಜಾಸ್ತಿ ಹೇಳುತ್ತದೆ. ಫೋಟೋಗಳಿಗೂ ಇದೇ ಪ್ರಶ್ನೆ. ಚಿತ್ರವನ್ನು ಒತ್ತಿ ವಿಕಿಮೀಡಿಯ ಕಾಮನ್ಸ್‌ನ ಪುಟಕ್ಕೆ ಹೋದರೆ ಸಾಮಾನ್ಯವಾಗಿ ತೆಗೆದ ಜಾಗ ಬರೆದಿರುತ್ತದೆ. ಥಾಯ್ಲೆಂಡಿನ ಹಾವು ಪಶ್ಚಿಮ ಘಟ್ಟದ ಪ್ರಭೇದದ ಪುಟದಲ್ಲಿ ಕಂಡರೆ ಅದೂ ಒಂದು ತಪ್ಪೇ.

ಒಂದು ಚಿಕ್ಕ ಗುರುತೂ ನೆರವಿಗೆ ಬರುತ್ತದೆ. ಪ್ರಾಣಿಯ ವೈಜ್ಞಾನಿಕ ಹೆಸರಿನ ನಂತರ ಹೆಸರಿಟ್ಟವರು ಮತ್ತು ಇಸವಿ ಇರುತ್ತದೆ. ಅದು ಕಂಸದೊಳಗಿದ್ದರೆ, ಮೊದಲು ಬೇರೆ ಕುಲದಲ್ಲಿಟ್ಟಿದ್ದ ಪ್ರಭೇದ ಎಂದರ್ಥ. ಹನ್ನಾಕ್ಕೆ ಕ್ಯಾಂಟರ್ 1836 ಎಂಬುದು ಕಂಸದೊಳಗೆ ಬರಬೇಕು. 2024ರಲ್ಲಿ ನೇರವಾಗಿ ಓಫಿಯೋಫೇಗಸ್‌ನಲ್ಲೇ ಹೆಸರು ಪಡೆದ ಕಾಳಿಂಗಕ್ಕೆ ಕಂಸ ಬರಬಾರದು. ಬರೆದವರು ಮೂಲವನ್ನು ಎಷ್ಟು ಗಮನವಿಟ್ಟು ನೋಡಿದ್ದಾರೆ ಎಂದು ಇಷ್ಟರಿಂದಲೇ ಸ್ವಲ್ಪ ತಿಳಿಯುತ್ತದೆ.

ಹಂತ 6: ವಿಷ, ಚಿಕಿತ್ಸೆ, ಕಾನೂನು

ಜೀವಕ್ಕೆ ಸಂಬಂಧಿಸಿದ ವಾಕ್ಯಗಳಿಗೆ ಕಟ್ಟುನಿಟ್ಟು ಹೆಚ್ಚು ಬೇಕು. ಇಲ್ಲಿ ಒಂದು ಪ್ರಬಂಧ, ಒಂದು ಸುದ್ದಿ ಸಾಲದು. ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಬರೆದ ವೈದ್ಯಕೀಯ ವಿಮರ್ಶೆ ಅಥವಾ ಅಧಿಕೃತ ಚಿಕಿತ್ಸಾ ಮಾರ್ಗಸೂಚಿ ಬೇಕು.

ಕಾಳಿಂಗದ ಲೇಖನದಲ್ಲಿ ನಾನು ಮೊದಲು ಹುಡುಕುವುದು ಒಂದೇ ಸಂಗತಿ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ವಿಷನಿರೋಧಕ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಳಿಂಗ ಅದರಲ್ಲಿಲ್ಲ. ಥಾಯ್ಲೆಂಡಿನ ರೆಡ್ ಕ್ರಾಸ್ ಕಾಳಿಂಗಕ್ಕೆಂದೇ ಪ್ರತ್ಯೇಕ ವಿಷನಿರೋಧಕ ತಯಾರಿಸುತ್ತದೆ. ಇದನ್ನು ಹೇಳದೆ "ವಿಷನಿರೋಧಕ ಲಭ್ಯವಿದೆ" ಎಂದಷ್ಟೇ ಬರೆದ ಲೇಖನ ಓದುಗರನ್ನು ದಾರಿ ತಪ್ಪಿಸುತ್ತದೆ. ಆನೆಯನ್ನೂ ಕೊಲ್ಲುವಷ್ಟು ವಿಷ ಎಂಬ ರೋಚಕ ಸಾಲಿಗೆ ಮೂರು ವಾಕ್ಯ ಕೊಟ್ಟು, ಕಚ್ಚಿದಾಗ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಉಸಿರಾಟಕ್ಕೆ ನೆರವು ಬೇಕಾಗಬಹುದು ಅನ್ನುವುದಕ್ಕೆ ಒಂದೂ ಕೊಡದಿದ್ದರೆ ಅದನ್ನು ದೊಡ್ಡ ಕೊರತೆ ಎಂದೇ ಬರೆದುಕೊಳ್ಳಿ.

ಕಾನೂನಿನ ವಿಷಯ ಬೇಗ ಮುಗಿಯುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. 2022ರ ತಿದ್ದುಪಡಿ ಆರು ಅನುಸೂಚಿಗಳನ್ನು (ಕಾಯ್ದೆಯ ಕೊನೆಯಲ್ಲಿರುವ ಪಟ್ಟಿಗಳನ್ನು) ನಾಲ್ಕಕ್ಕೆ ಇಳಿಸಿ ಪ್ರಾಣಿಗಳನ್ನು ಹೊಸದಾಗಿ ಹಂಚಿತು. ಅದಕ್ಕಿಂತ ಹಿಂದಿನ ಮೂಲ ಕೊಟ್ಟು ಅನುಸೂಚಿಯ ಸಂಖ್ಯೆ ಬರೆದಿದ್ದರೆ, ಈಗಿನ ಕಾಯ್ದೆಯ ಪಠ್ಯದಲ್ಲೇ ನೋಡಿ ತಾಳೆ ಮಾಡಿ.

ಹಂತ 7: ಈಗ ನಿಮ್ಮ ಮೊದಲ ಹಾಳೆಗೆ ಹಿಂತಿರುಗಿ

ಮೊದಲ ಹಂತದಲ್ಲಿ ಬರೆದ ಪಟ್ಟಿಯ ಎದುರು ಲೇಖನವನ್ನಿಟ್ಟು ಒಂದೊಂದಾಗಿ ಗುರುತು ಹಾಕಿ. ಇದೆ, ಇಲ್ಲ ಅನ್ನುವುದರ ಜೊತೆಗೆ ಯಾವುದಕ್ಕೆ ಎಷ್ಟು ಜಾಗ ಸಿಕ್ಕಿದೆ ಅನ್ನುವುದನ್ನೂ ನೋಡಿ. ದಾಖಲೆಗಳು ಮತ್ತು ನಂಬಿಕೆಗಳಿಗೆ ಅರ್ಧ ಲೇಖನ, ಗೂಡಿಗೆ ಒಂದು ಸಾಲು ಎಂದರೆ ಅಳತೆ ತಪ್ಪಿದೆ.

ಕನ್ನಡದ ಲೇಖನಗಳಿಗೆ ಇಲ್ಲಿ ಇನ್ನೊಂದು ಪರೀಕ್ಷೆ ಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಅನುವಾದವಾಗಿ ಬಂದ ಉದ್ದುದ್ದ ಲೇಖನಗಳು ಬಹಳ ಇವೆ. ಅನುವಾದ ತಪ್ಪಲ್ಲ. ಆದರೆ ಅನುವಾದಿಸಿದವರು ಉಲ್ಲೇಖಗಳನ್ನೂ ಹಾಗೇ ಎತ್ತಿ ತಂದಿರುತ್ತಾರೆ, ಮೂಲ ಓದಿರುವುದಿಲ್ಲ. ಇಂಗ್ಲಿಷ್ ಲೇಖನದಲ್ಲಿ ಆ ತಪ್ಪನ್ನು ಯಾವತ್ತೋ ತಿದ್ದಿರುತ್ತಾರೆ, ಕನ್ನಡದಲ್ಲಿ ಅದು ಹಾಗೇ ಉಳಿದಿರುತ್ತದೆ. ಎರಡನ್ನೂ ಅಕ್ಕಪಕ್ಕ ತೆರೆದು, ಅಂಕಿಗಳನ್ನು ಮತ್ತು "ಅಲ್ಲ", "ಇಲ್ಲ" ಎಂದು ಮುಗಿಯುವ ವಾಕ್ಯಗಳನ್ನು ಹೋಲಿಸಿ. ಅನುವಾದದಲ್ಲಿ ಅರ್ಥ ತಿರುಗುಮುರುಗಾಗುವುದು ಅಲ್ಲೇ.

ಇಂಗ್ಲಿಷಿನಲ್ಲಿ ಇರುವುದೆಲ್ಲ ಕನ್ನಡದಲ್ಲಿದ್ದರೆ ಪೂರ್ತಿಯಾಯಿತು ಎಂದೂ ತಿಳಿಯಬೇಡಿ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಓದುಗರಿಗೆ ಈ ಹಾವು ಅಡಿಕೆ ತೋಟದ ಅಂಚಿನಲ್ಲಿ ಸಿಗುವಂಥದ್ದು. ಮನೆ ಹತ್ತಿರ ಕಂಡರೆ ಏನು ಮಾಡಬೇಕು, ಕೇರೆಹಾವಿನಿಂದ ಇದನ್ನು ಹೇಗೆ ಬೇರೆಯಾಗಿ ಗುರುತಿಸಬೇಕು ಎಂಬುದು ಕನ್ನಡ ಲೇಖನದಲ್ಲಿ ಇರಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಂತ 8: ಕಂಡದ್ದನ್ನು ಬರೆದಿಡಿ, ತಿದ್ದಿ

ಒಂದು ಸರಳ ಕೋಷ್ಟಕ ಸಾಕು: ವಾಕ್ಯ, ಕೊಟ್ಟ ಮೂಲ, ಮೂಲ ನಿಜವಾಗಿ ಹೇಳುವುದು, ನಿಮ್ಮ ತೀರ್ಮಾನ. ತೀರ್ಮಾನದಲ್ಲಿ "ಸರಿ", "ತಪ್ಪು" ಎಂಬ ಎರಡೇ ಬೇಡ. "ಭಾಗಶಃ", "ಬೇರೆ ಪ್ರಭೇದದ್ದು", "ಹಳೆಯದು", "ಮೂಲ ಸಿಗಲಿಲ್ಲ" ಎಂಬವೂ ಇರಲಿ. ಮೂಲ ಸಿಗದ ಮಾತ್ರಕ್ಕೆ ವಾಕ್ಯ ಸುಳ್ಳಾಗುವುದಿಲ್ಲ.

ಪ್ರಾಜೆಕ್ಟಿಗಾಗಿ ಓದುತ್ತಿದ್ದರೆ, ಒಳ್ಳೆಯ ಮೂಲ ಸಿಕ್ಕ ಮೇಲೆ ವಿಕಿಪೀಡಿಯವನ್ನು ಬಿಟ್ಟು ಆ ಮೂಲವನ್ನೇ ಓದಿ, ಅದನ್ನೇ ಉಲ್ಲೇಖಿಸಿ. ಲೇಖನ ತಿದ್ದುವ ಮನಸ್ಸಿದ್ದರೆ ಚಿಕ್ಕದರಿಂದ ಶುರು ಮಾಡಿ. ಸತ್ತ ಕೊಂಡಿಗೆ ಹಳೆಯ ಪ್ರತಿಯ ಕೊಂಡಿ ಸೇರಿಸಿ. ಆಧಾರವಿಲ್ಲದ ವಾಕ್ಯಕ್ಕೆ "ಸಾಕ್ಷ್ಯಾಧಾರ ಬೇಕಾಗಿದೆ" ಗುರುತು ಹಾಕಿ. ಅಪಾಯಕಾರಿ ಚಿಕಿತ್ಸೆ ಹೇಳುವ ವಾಕ್ಯಕ್ಕೆ ಆಧಾರವಿಲ್ಲದಿದ್ದರೆ ಗುರುತು ಹಾಕಿ ಕಾಯಬೇಡಿ, ಕಾರಣ ಬರೆದು ತೆಗೆದುಬಿಡಿ. ಪ್ರಭೇದದ ಹೆಸರು ಬದಲಿಸುವಂಥ ದೊಡ್ಡ ಕೆಲಸವನ್ನು ಮೊದಲು ಚರ್ಚೆ ಪುಟದಲ್ಲಿ ಮೂಲದ ಜೊತೆ ಇಡಿ. ಉತ್ತರಕ್ಕೆ ಕೆಲವು ದಿನ ಕಾಯಿರಿ.

ನಿಮ್ಮ ತೋಟದಲ್ಲೇ ಕಾಳಿಂಗದ ಗೂಡು ನೋಡಿದ್ದೀರಾ? ಅದನ್ನು ನೇರವಾಗಿ ಲೇಖನಕ್ಕೆ ಸೇರಿಸಲು ಬರುವುದಿಲ್ಲ. ಸ್ವಂತ ಅವಲೋಕನವನ್ನು ವಿಕಿಪೀಡಿಯ ಒಪ್ಪುವುದಿಲ್ಲ, ಬೇರೆಡೆ ಪ್ರಕಟವಾಗಿರಬೇಕು. ದೂರದಿಂದಲೇ ಫೋಟೋ ತೆಗೆದು, ತಾರೀಕಿನ ಜೊತೆ ಐನ್ಯಾಚುರಲಿಸ್ಟ್‌ಗೆ (ಯಾರು ಬೇಕಾದರೂ ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ) ಹಾಕಿ. ಗೂಡಿನ ನಿಖರ ಜಾಗ ಮಾತ್ರ ಎಲ್ಲರಿಗೂ ಕಾಣದಂತೆ ಮರೆಮಾಡಿ. ಅಲ್ಲಿನ ದಾಖಲೆಗಳನ್ನು ಸಂಶೋಧಕರು ಬಳಸುತ್ತಾರೆ. ಅವರ ಪ್ರಬಂಧ ಪ್ರಕಟವಾದ ಮೇಲೆ ಅದನ್ನೇ ಆಧಾರವಾಗಿ ಕೊಟ್ಟು ಗೂಡಿನ ಬಗ್ಗೆ ಲೇಖನದಲ್ಲಿ ಬರೆಯಬಹುದು.